ಎಳೆದರೆ ಕೊಯ್ಯುವ ಕತ್ತಿ

ಒಮಾನಿನ ಸೊಹಾರ್‌ನಲ್ಲಿ ನಮ್ಮ ಕೆಲಸಗಾರರ ಕ್ಯಾಂಪಿನ ಅಡುಗೆಯವನು ಇಂಡೋನೇಷ್ಯಾದವನು. ಹುಲಿಯುಗುರಿನಂತೆ ಬಾಗಿದ ಪುಟ್ಟ ಕತ್ತಿಯೊಂದು ಅವನಲ್ಲಿತ್ತು. ಅವರ ಊರಿನ ಕಾಳಗದ ವಿದ್ಯೆಯದಂತೆ. "ಇಷ್ಟು ಸಣ್ಣದರಲ್ಲಿ ಎಂತ ಮಾಡ್ತಿ ಮಾರಾಯ?" ಎಂದು ಹರಕು ಹಿಂದಿಯಲ್ಲಿ ಕೇಳಿ ನಕ್ಕೆ. ಮರುಕ್ಷಣ ಅದು ನನ್ನ ಮಣಿಕಟ್ಟಿಗೆ ಕೊಕ್ಕೆ ಹಾಕಿತ್ತು.

"ಎಳೀಬೇಡ ಭಾಯ್. ಎಳೆದ್ರೆ ನೀನೇ ಕೊಯ್ಕೊಳ್ತಿ."

ನನ್ನ ಕೈಗೋ ಎಳೆದುಕೊಳ್ಳುವುದೊಂದೇ ಗೊತ್ತು. ಬೆವರು ಅಲಗಿನ ಮೇಲೆ ತೊಟ್ಟಿಕ್ಕಿತು. "ಮತ್ತೆಂತ ಮಾಡ್ಲಿ?"

"ನನ್ನ ಕಡೆಗೇ ಬಾ."

ಉಸಿರು ಬಿಗಿಹಿಡಿದು ಅವನೆದೆಗೆ ತಾಗುವಷ್ಟು ಮುಂದೆ ಹೋದೆ. ಕತ್ತಿ ಸಡಿಲಾಯಿತು.

ಒಮಾನಿನಲ್ಲಿ ಕೈಕುಲುಕಿದವರು ಮಾತು ಮುಗಿಯುವವರೆಗೆ ಕೈ ಬಿಡುವುದಿಲ್ಲ. ಮರುವಾರ ನನ್ನ ವೀಸಾದ ಧಣಿ, ಕಫೀಲ್, ಹಾಗೇ ನನ್ನ ಕೈ ಹಿಡಿದುಕೊಂಡು, ಈ ವರ್ಷವೂ ಊರಿಗೆ ಹೋಗಲು ರಜೆಯಿಲ್ಲ ಎಂದ. ನಾನು ಎಳೆಯಲಿಲ್ಲ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ.

"ಖಲಾಸ್, ಆಯ್ತು, ಊರಿಗೆ ಹೋಗಿ ಬಾ" ಎಂದ. ಮೊದಲು ಕೈ ಎಳೆದುಕೊಂಡವನು ಅವನೇ.