ಅಕ್ಕನ ಹೊಸ ಸ್ವರ

ಕಣ್ಣು ಹೋದ ಮೇಲೆ, ಬರೆದದ್ದನ್ನು ಓದಿ ಹೇಳುವ ಫೋನು ಕಲಿಯಲಿಕ್ಕೆ ಠಾಣೆ ಪಟ್ಟಣದ ಒಂದು ಸೆಂಟರಿಗೆ ಹೋಗಿದ್ದೆ. ಕಲಿಸುವವಳು ಮರಾಠಿ ಹುಡುಗಿ. "ಅಂಕಲ್, ಆವಾಜ್ ಕೌನ್‌ಸಾ ರಖ್ನೇಕಾ?" ಯಾವ ಸ್ವರ ಇಡುವುದು ಎಂದು ಕೇಳಿದಳು. ತುಳು ಉಂಟಾ ಎಂದೆ. ಇರಲಿಲ್ಲ. ಕನ್ನಡದ ಹೆಂಗಸಿನ ಸ್ವರ ಇಟ್ಟಳು.

ಮೊದಲು ಓದಿಸಿದ್ದು ಉಡುಪಿಯಿಂದ ಅಕ್ಕ ಕನ್ನಡ ಅಕ್ಷರದಲ್ಲಿ ಬರೆದ ತುಳು ಮೆಸೇಜು. "ವನಸ್ ಆಂಡಾ?" ಊಟ ಆಯಿತಾ ಎಂಬ ಅಷ್ಟು ಮಾತನ್ನು ಫೋನು, ಕಲ್ಯಾಣ್ ಲೋಕಲ್ ಬರುತ್ತಿದೆ ಎಂದು ಸ್ಟೇಷನ್ನಿನಲ್ಲಿ ಸಾರುವ ಹಾಗೆ ಹೇಳಿತು.

"ದೀದೀಕೋ ವಾಯ್ಸ್ ಮೆಸೇಜ್ ಭೇಜ್‌ನೇ ಬೋಲೋ ನಾ," ಅಕ್ಕ ಮಾತಾಡಿಯೇ ಕಳಿಸಲಿ ಎಂದಳು ಹುಡುಗಿ.

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕನಿಗೆ ಸ್ವರವೇ ಇಲ್ಲ ಎಂದೆ. ಅವಳು ಬರೆದದ್ದನ್ನು ನಾನು ಕಣ್ಣಲ್ಲಿ ಓದುವಾಗ ಮಾತ್ರ ಅವಳ ಹಳೆಯ ಸ್ವರ ಹಾಗೇ ಕೇಳುತ್ತಿತ್ತು. ಈಗ ಅದೂ ಹೋಯಿತು.

ಇನ್ನು ನಿನ್ನ ತುಳುವನ್ನು ಫೋನಿನೊಳಗಿನ ಬೆಂಗಳೂರಿನವಳೊಬ್ಬಳು ಓದುತ್ತಾಳೆ ಎಂದು ಅಕ್ಕನಿಗೆ ಮಾತಾಡಿ ಕಳಿಸಿದೆ. ಕೂಡಲೇ ಉತ್ತರ ಬಂತು: ನನ್ನ ಹೊಸ ಸ್ವರ ಹೇಗುಂಟು?

"ಒಳ್ಳೆಯದುಂಟು, ಬೈಯಲಿಕ್ಕೆ ಮಾತ್ರ ಬರುವುದಿಲ್ಲ," ಎಂದೆ.

ಅಂದಿನಿಂದ ಅಕ್ಕ ದಿನಾ ನನಗೆ ಬೈದು ಬರೆಯುತ್ತಾಳೆ. ಆ ಹೆಂಗಸು ಅದನ್ನೂ ಬಹಳ ಮರ್ಯಾದೆಯಿಂದ ಓದುತ್ತಾಳೆ.