ಲೇಹ್ಯಕ್ಕೆ ಹಿಡಿದ ಬೂಷ್ಟು

ನಾನು ಔಷಧಿ ಕೊಡುವ ಸಣ್ಣ ಸರ್ಕಾರಿ ಆಯುರ್ವೇದ ಆಸ್ಪತ್ರೆ ಭೀಮಾ ನದಿಗೆ ಹತ್ತಿರದ್ದು. ಔಷಧಿ ಕೋಣೆಯ ಹಿಂದಿನ ಗೋಡೆಗೆ ಒತ್ತಿಕೊಂಡೇ ನೀರಿನ ಟಾಕಿ ಇದೆ, ಗೋಡೆ ಸದಾ ಹಸಿ. ಬೇಸಿಗೆಯ ಕಾವಿಗೆ ಗುಳಿಗೆಗಳು ಒಂದಕ್ಕೊಂದು ಅಂಟುತ್ತವೆ, ಮಳೆಗಾಲದಲ್ಲಿ ಚೂರ್ಣ ಗಂಟು ಕಟ್ಟುತ್ತದೆ. ಇಡೀ ವರ್ಷದ ಔಷಧಿ ಒಂದೇ ಸಲ, ಅದೂ ಮಳೆ ಹಿಡಿಯುವ ಹೊತ್ತಿಗೆ ಬಂದು ಬೀಳುತ್ತದೆ.

ಸೊನ್ನದ ಬ್ಯಾರೇಜಿನಿಂದ ಹೊಳೆಗೆ ನೀರು ಬಿಟ್ಟ ಆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣಲಿಲ್ಲ. ಒಂದು ಬೆಳಿಗ್ಗೆ ಕೆಮ್ಮಿನ ಲೇಹ್ಯದ ದೊಡ್ಡ ಡಬ್ಬಿ ತೆರೆದೆ. ಮೇಲೆ ಬಿಳಿ ಬೂಷ್ಟು. ಗೋಡೆಗೆ ತಾಗಿಸಿಟ್ಟಿದ್ದ ಡಬ್ಬಿಗಳೆಲ್ಲ ಹಾಗೇ.

ಹೊರಗೆ ನೆಲೋಗಿಯ ಮುದುಕಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದಳು. ಗಂಡನ ದಮ್ಮಿಗೆ ಆ ಲೇಹ್ಯ ಒಯ್ಯಲೆಂದೇ ಬಸ್ಸಿಗೆ ಬರುತ್ತಿದ್ದಳು.

"ಲೇಹ್ಯ ಇಲ್ರಿ ಯವ್ವಾ," ಅಂದೆ.

"ಅಲ್ಲೇ ಕಾಣಾಕತ್ತಾದಲ್ಲ!"

"ಅದು ಕೆಟ್ಟದ್ರಿ. ಬೂಷ್ಟು ಹಿಡಿದದ."

"ಮ್ಯಾಲಿಂದು ತಗದ್ ಚೆಲ್ತೀನಿ, ತಳದಾಗಿಂದು ಕೊಡ್ರಿ. ಅದನ್ನ ನೆಕ್ಕಿದ್ರ ಅವ್ರಿಗಿ ಒಂದೀಟು ನಿದ್ದಿ ಬರ್ತದ."

ಕೊಡಲಾರೆ ಅಂದೆ. ಆಕೆ ಬೈಯಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಳೆಯಲ್ಲೇ ಹೋದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಧ್ಯಾಹ್ನ ಆ ಲೇಹ್ಯವನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿಸಿ ಹುಗಿಸಿದೆ.

ಗೋಡೆ ರಿಪೇರಿ ಮಾಡಿಸಿ, ಔಷಧಿಯನ್ನು ಸಣ್ಣ ಡಬ್ಬಿಗಳಲ್ಲಿ, ಸ್ವಲ್ಪ ಸ್ವಲ್ಪವೇ ಕಳಿಸಿ ಎಂದು ಮೇಲಿನವರನ್ನು ಕೇಳಿದೆ. "ಟೆಂಡರ್ ಹಂಗ ಆಗ್ಯಾದ್ರಿ, ನಮ್ ಕೈಯಾಗ ಏನದ?" ಅಂದರು. ನಾನೇ ಹಳೆಯ ಬೆಂಚು ತರಿಸಿ ಡಬ್ಬಿಗಳನ್ನು ಗೋಡೆಯಿಂದ ದೂರ ಇಟ್ಟೆ. ಹಳೆಯ ದಾಸ್ತಾನು ಮುಂದೆ, ಹೊಸದು ಹಿಂದೆ. ಚೂರ್ಣವನ್ನು ಗಾಜಿನ ಬರಣಿಗೆ ತುಂಬಿ ಬಾಯಿ ಬಿಗಿದೆ. ಕೈ ಒರೆಸಿಕೊಳ್ಳದೆ ಯಾವ ಮುಚ್ಚಳವನ್ನೂ ತೆಗೆಯಲಿಲ್ಲ. ಗೋಡೆ ಮಾತ್ರ ಬೆವರುತ್ತಲೇ ಇತ್ತು.

ಮರು ಮಳೆಗಾಲದಲ್ಲಿ ಚೂರ್ಣ ಒಂದಿಷ್ಟು ಹಾಳಾದರೂ ಲೇಹ್ಯ ಉಳಿಯಿತು. ಆ ದಿನಗಳಲ್ಲೇ ಮುದುಕಿ ಗಂಡನನ್ನೂ ಕರೆದುಕೊಂಡು ಬಂದಳು. ಮುದುಕರು ಗೋಡೆ ಹಿಡಿದು, ನಿಂತು ನಿಂತು ಮೆಟ್ಟಿಲು ಹತ್ತಿದರು. ನಾನು ಓಡಿಹೋಗಿ, "ಈ ಸಲ ಲೇಹ್ಯ ಚೊಲೋ ಅದರಿ ಯವ್ವಾ," ಅಂದೆ. ಆಕೆಯ ಮುಖ ಅರಳಿತು.

ಡಾಕ್ಟರು ಮುದುಕರ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಇದು ಲೇಹ್ಯಕ್ಕ ಬಗ್ಗೂದಲ್ಲ. ಈಗಿಂದೀಗ ಕಲಬುರಗಿಗೆ ಕರಕೊಂಡ್ ಹೋಗ್ರಿ," ಅಂದರು.

"ಆದ್ರೂ ಲೇಹ್ಯ ಒಂದೀಟು ಕೊಡ್ರಿ, ದಾರ್ಯಾಗ ನೆಕ್ಕಸ್ತೀನಿ," ಅಂತ ಮುದುಕಿ ನನ್ನ ಮುಖ ನೋಡಿದಳು. ನಾನು ಡಾಕ್ಟರರ ಮುಖ ನೋಡಿದೆ. ಅವರು ತಲೆಯಾಡಿಸಿದರು, ಬೇಡ ಅಂತ.

ಆಂಬುಲೆನ್ಸ್ ಬರುವವರೆಗೆ ಮುದುಕರ ಬೆನ್ನು ನೀವುತ್ತ ಕೂತೆ. ಆಮೇಲೆ ಅವರು ಏನಾದರೋ ನನಗೆ ತಿಳಿಯಲಿಲ್ಲ.