ಮೆಟ್ಟಿಲು ತಿರುಗುವಲ್ಲಿ ಹುಟ್ಟಿದ ಮಾತುಗಳು

ನಾನು ಈ ಮನೆಗೆ ಸೊಸೆಯಾಗಿ ಬರುವ ಮುನ್ನ ನನ್ನ ಅಮ್ಮ ನಾಲ್ಕು ಕಡೆ ವಿಚಾರಿಸಿಕೊಂಡು ಬಂದು ಹೇಳಿದ್ದು ಇಷ್ಟೇ: "ಅತ್ತೆ ತುಂಬಾ ಒಳ್ಳೇವಳಂತೆ. ಹುಷಾರಾಗಿರು."

ಕೆಟ್ಟ ಅತ್ತೆಯಾದರೆ ಎದುರು ಮಾತಾಡಬಹುದು, ನೆಂಟರ ಮುಂದೆ ಕಣ್ಣೊರೆಸಿಕೊಂಡು ಅನುಕಂಪ ಗಿಟ್ಟಿಸಬಹುದು. ಒಳ್ಳೆಯವಳ ಕೈಗೆ ಸಿಕ್ಕರೆ ಆ ಸುಖವೂ ಇಲ್ಲ ಎಂಬುದು ಅಮ್ಮನ ಚಿಂತೆ. ಬಂದ ಮೊದಲ ವಾರದಲ್ಲೇ ಅದು ನಿಜವಾಯಿತು. ನಾನು ತಲೆನೋವು ಎಂದು ಮಲಗಿದ್ದ ಕೋಣೆಗೆ ಅತ್ತೆ ಐದು ಜನ ಹೆಂಗಸರನ್ನು ಕರೆದುಕೊಂಡು ಬಂದು, ಎಲ್ಲರನ್ನೂ ಮಂಚದ ಸುತ್ತ ಕೂರಿಸಿ, "ಪಾಪ, ಒಬ್ಬಳೇ ಮಲಗಿದ್ಲು" ಎಂದರು.

ಅವರಿಗೆ ಒಬ್ಬರೇ ಇರುವುದು ಒಂದು ಕಾಯಿಲೆಯಂತೆ ಕಾಣುತ್ತಿತ್ತು. ದೊಡ್ಡ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ್ದವರು ಅವರು. ಒಗೆದು ಬಂದ ಹಾಸುಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಮಧ್ಯೆ ಸವೆದದ್ದನ್ನು ಕತ್ತರಿಸಿ ದಿಂಬಿನ ಚೀಲ ಮಾಡಿಸಬೇಕು. ದಿಂಬಿನ ಚೀಲವೂ ಹರಿದರೆ ನೆಲ ಒರೆಸಲು ಕೊಡಬೇಕು. ಉಳಿದದ್ದಕ್ಕೆ ಕಪ್ಪು ಮಸಿಯಲ್ಲಿ ವಾರ್ಡಿನ ಅಂಕಿ ಒತ್ತಬೇಕು. ಕೆಲಸ ಅಷ್ಟೇ. ಆದರೆ ಹಾಸುಬಟ್ಟೆಯ ಕಟ್ಟನ್ನು ವಾರ್ಡಿಗೆ ಮುಟ್ಟಿಸುವ ನೆಪದಲ್ಲಿ ಹೊರಟವರು ಮಂಚದಿಂದ ಮಂಚಕ್ಕೆ ಕೂರುತ್ತಾ ಬಂದರೆ ವಾಪಸಾಗಲು ಮಧ್ಯಾಹ್ನವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅವರ ಹೆಸರು ಬೆಡ್‌ಶೀಟ್ ಅಮ್ಮ. ಡಾಕ್ಟರುಗಳು ಕೂಡ ಹಾಗೇ ಕರೆಯುತ್ತಿದ್ದರು.

ನೋಡಲು ಯಾರೂ ಬಾರದ ರೋಗಿಗಳ ಪಕ್ಕದಲ್ಲಿ ಅವರು ಹೆಚ್ಚು ಹೊತ್ತು ಕೂರುತ್ತಿದ್ದರಂತೆ. ಒಮ್ಮೆ ಮೂಳೆ ವಾರ್ಡಿನಲ್ಲಿದ್ದ ಒಬ್ಬ ಮುದುಕನಿಗೆ, "ನಿಮ್ಮ ಮಗ ಬೆಳಿಗ್ಗೆ ಫೋನ್ ಮಾಡಿದ್ರು. ನೀವು ನಿದ್ದೆಯಲ್ಲಿದ್ರಿ, ಎಬ್ಬಿಸಬೇಡಿ ಅಂದ್ರು" ಎಂದು ಹೇಳಿದರು. ಮುದುಕ ಸಂತೋಷದಲ್ಲಿ ಯಾರದೋ ಫೋನು ಕೇಳಿ ಪಡೆದು ಮಗನಿಗೇ ಕರೆ ಮಾಡಿ ಅವನನ್ನು ಹೊಗಳಿಬಿಟ್ಟ. ಆ ಮಗ ಮಾರನೆಯ ದಿನ ಬಟ್ಟೆ ಕೋಣೆಯ ಬಾಗಿಲಲ್ಲಿ ಕೆಂಪಗಾಗಿ ನಿಂತ.

"ನಾನು ಫೋನ್ ಮಾಡ್ದೆ ಅಂತ ಹೇಳಿದ್ದು ಯಾರು?"

"ನಾನೇ ಕಣಪ್ಪಾ. ಮಾಡ್ಬೇಕು ಅಂತ ನಿನ್ನ ಮನಸ್ಸಲ್ಲಿ ಇತ್ತಲ್ವಾ? ಅದನ್ನೇ ಹೇಳ್ದೆ."

ಇಲ್ಲ, ಮನಸ್ಸಲ್ಲಿ ಇರಲಿಲ್ಲ ಎಂದು ಹೇಳಲು ಯಾವ ಮಗನಿಗೆ ಧೈರ್ಯವಿದೆ? ಆಮೇಲೆ ಎರಡು ಸಲ ಬಂದು ಅಪ್ಪನನ್ನು ನೋಡಿಕೊಂಡು ಹೋದನಂತೆ. ಈ ಕಥೆಯನ್ನು ಅತ್ತೆಯೇ ನನಗೆ ಹೇಳಿದ್ದರು. ಕೇಳಿ ನಾನು ನಕ್ಕಿದ್ದೆ. ಅದೇ ಮದ್ದನ್ನು ಮನೆಯಲ್ಲೂ ಅರೆಯುತ್ತಿದ್ದಾರೆ ಎಂದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಮನೆಯವರ ವಿಷಯ ಹೇಳಬೇಕು. ಮಾವ ಬಸ್ ಡ್ರೈವರ್ ಆಗಿದ್ದವರು. ಚಾಲಕನೊಂದಿಗೆ ಮಾತನಾಡಬಾರದು ಎಂದು ಬಸ್ಸಿನಲ್ಲಿ ಬರೆದಿರುತ್ತಿದ್ದುದನ್ನು ಅವರು ಮನೆಗೂ ತಂದುಕೊಂಡಿದ್ದರು. ದೊಡ್ಡ ಮಗ, ಅಂದರೆ ನನ್ನ ಗಂಡ, ಭೂಮಾಪನ ಕಚೇರಿಯಲ್ಲಿ ನಕ್ಷೆಗಳಿಗೆ ಗೆರೆ ಎಳೆಯುವವರು. ಗೆರೆಯ ಆಚೆ ಈಚೆ ಇರುವ ಮನುಷ್ಯರ ಬಗ್ಗೆ ಅವರಿಗೆ ಹೆಚ್ಚು ಕುತೂಹಲವಿಲ್ಲ. ಚಿಕ್ಕವನು, ನನ್ನ ಮೈದುನ, ಕನ್ನಡಕದ ಅಂಗಡಿ ಇಟ್ಟವನು. ಎಲ್ಲರ ದೃಷ್ಟಿದೋಷವೂ ಅವನಿಗೆ ಕಾಣುತ್ತದೆ, ತನ್ನದೊಂದು ಬಿಟ್ಟು. ನಾವು ಅತ್ತೆಮಾವನ ಜೊತೆ ಕೆಳಗೆ, ಮೈದುನ ಮತ್ತು ನನ್ನ ಓರಗಿತ್ತಿ ಮೇಲೆ. ನಡುವೆ ಹದಿನೇಳು ಮೆಟ್ಟಿಲು.

ಅಣ್ಣತಮ್ಮಂದಿರ ಜಗಳ ಆದದ್ದು ನನ್ನ ಮದುವೆಯಾಗಿ ಮೂರು ವರ್ಷಕ್ಕೆ. ಚಿಕ್ಕವನು ಮಹಡಿಯ ನೀರಿನ ಟ್ಯಾಂಕಿನ ವಾಲ್ವ್ ಮುಚ್ಚಿ ಅಂಗಡಿಗೆ ಹೊರಟಾಗ ನನ್ನ ಗಂಡ ಬಚ್ಚಲಲ್ಲಿ ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದರು. ಟವೆಲ್ ಸುತ್ತಿಕೊಂಡು ಮೆಟ್ಟಿಲವರೆಗೆ ಓಡಿದರು. ಕಿವಿಯ ಮೇಲೆಲ್ಲ ನೊರೆ ಇದ್ದ ಅಣ್ಣನನ್ನು ನೋಡಿ ತಮ್ಮ ನಕ್ಕ. ನನಗೂ ನಗು ಬಂದಿತ್ತು, ಆದರೆ ನಾನು ಅಡುಗೆಮನೆಗೆ ಹೋಗಿ ನಕ್ಕೆ. ಅವನು ಅಲ್ಲೇ ನಕ್ಕ. ಅಷ್ಟಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟರು. ಎದುರಾದರೆ ಒಬ್ಬ ಗೋಡೆ ನೋಡುತ್ತಿದ್ದ, ಇನ್ನೊಬ್ಬ ಕೀ ಗೊಂಚಲು ನೋಡುತ್ತಿದ್ದ. ಗಂಡಸರ ಸ್ವಾಭಿಮಾನಕ್ಕೆ ಎಷ್ಟು ಕಡಿಮೆ ನೀರು ಸಾಕು ಎಂದು ನಾನು ಆಗಲೇ ಕಲಿತೆ.

ಅತ್ತೆ ಬೈಯಲಿಲ್ಲ, ಅಳಲಿಲ್ಲ, ಪಂಚಾಯಿತಿ ಮಾಡಿಸಲಿಲ್ಲ. ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡಿದರು. ದಿನಕ್ಕೆ ನಾಲ್ಕು ಸಲ, ಆ ನೋಯುವ ಮಂಡಿಯಲ್ಲಿ. ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಹಳೆಯ ಸ್ಟೂಲ್ ಹಾಕಿಸಿಕೊಂಡಿದ್ದರು. ಅಲ್ಲಿ ಎರಡು ನಿಮಿಷ ಕೂತು ಮುಂದಕ್ಕೆ ಹೋಗುವರು. ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು.

ಕೆಳಗೆ ಬಂದು ಹೇಳುವರು, "ಚಿಕ್ಕೋನು ಕೇಳ್ತಿದ್ದ, ಅಣ್ಣನ ಬೆನ್ನುನೋವು ಹೇಗಿದೆ ಅಂತ."

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಕೇಳೋಕೆ ಅವನಿಗೇನು ರೋಗ, ಕೆಳಗೆ ಬರಬಹುದಲ್ಲ" ಎನ್ನುವರು. ಆದರೆ ಸ್ವಲ್ಪ ಹೊತ್ತು ಕಳೆದು, ಯಾರಿಗೂ ಅಲ್ಲದ ಹಾಗೆ, "ಈಗ ಪರವಾಗಿಲ್ಲ" ಎನ್ನುವರು. ಅದನ್ನು ಹಿಡಿದುಕೊಂಡು ಅತ್ತೆ ಮತ್ತೆ ಹದಿನೇಳು ಮೆಟ್ಟಿಲು.

ಬಟ್ಟಲುಗಳೂ ಓಡಾಡುತ್ತಿದ್ದವು. "ಮೇಲಿನವಳು ನಿನಗೆ ಅಂತಲೇ ಎತ್ತಿಟ್ಟಿದ್ಲು ಕಣೇ" ಎಂದು ಅತ್ತೆ ತಂದು ಕೊಟ್ಟ ಹೆಚ್ಚಿದ ಹಣ್ಣು, ಬೇಯಿಸಿದ ತರಕಾರಿ ತಿಂದು ನಾನು, ಗಂಡಂದಿರ ಜಗಳದಿಂದ ಮಾತು ಕಡಿಮೆಯಾಗಿದ್ದ ಓರಗಿತ್ತಿಯ ಬಗ್ಗೆ ಕೊಂಚ ಮೆತ್ತಗಾಗಿದ್ದೆ. ನನ್ನ ಅಡುಗೆಮನೆಯಲ್ಲಿ ಆಗಾಗ ಏನಾದರೂ ಕಡಿಮೆಯಾದಂತೆ ಅನಿಸುತ್ತಿತ್ತು. ಮಾವನ ಮೇಲೆ ಅನುಮಾನಪಟ್ಟಿದ್ದೆ. ಅವರು ಎಂದಿನಂತೆ ಏನೂ ಹೇಳದ್ದರಿಂದ ಅನುಮಾನ ಗಟ್ಟಿಯಾಗಿತ್ತು.

ಹೀಗೆ ನಮ್ಮ ಮನೆ ಬೀದಿಯಲ್ಲೇ ಒಳ್ಳೆಯ ಮನೆ ಎನಿಸಿಕೊಂಡಿತು. ನಾವೂ ಹಾಗೇ ನಂಬಿದೆವು. ಜಗಳ ಆಡಿಕೊಂಡೇ ಇಷ್ಟು ಪ್ರೀತಿ ಇಟ್ಟುಕೊಂಡ ಅಣ್ಣತಮ್ಮಂದಿರು ಎಲ್ಲಿ ಸಿಗುತ್ತಾರೆ ಎಂದು ನಾನೇ ನನ್ನ ಅಮ್ಮನ ಹತ್ತಿರ ಕೊಚ್ಚಿಕೊಂಡಿದ್ದೆ.

ಹನ್ನೊಂದನೆಯ ವರ್ಷ ಒಂದು ಬೆಳಿಗ್ಗೆ ಅತ್ತೆ ಬಟ್ಟೆ ಮಡಚುತ್ತಾ ಕುಸಿದರು. ಬಲಗೈ ಬಲಗಾಲು ಸ್ವಾಧೀನ ತಪ್ಪಿತು, ಮಾತು ನಿಂತಿತು. ಅವರದೇ ಆಸ್ಪತ್ರೆಗೆ ಸೇರಿಸಿದೆವು. ವಾರ್ಡಿನ ಆಯಾಗಳು, ಬಟ್ಟೆ ಒಗೆಯುವವರು, ಗೇಟಿನ ಕಾವಲುಗಾರ, ಎಲ್ಲರೂ ಪಾಳಿ ಮುಗಿದ ಮೇಲೂ ಮನೆಗೆ ಹೋಗದೆ ಮಂಚದ ಸುತ್ತ ನಿಂತರು. ಒಬ್ಬಾಕೆ ಹೊಚ್ಚ ಹೊಸ ಹಾಸುಬಟ್ಟೆ ತಂದು ಹಾಸಿದಳು. ಅತ್ತೆ ಎಡಗೈಯಿಂದ ಅದರ ಅಂಚು ಹಿಡಿದು ಮುಟ್ಟಿ ನೋಡಿದರು.

ಅತ್ತೆಯ ಮಾತು ನಿಂತ ಎರಡನೇ ವಾರಕ್ಕೆ ಮನೆಯಲ್ಲಿ ವಿಚಿತ್ರ ಶುರುವಾಯಿತು. ನನ್ನ ಗಂಡ ಸಿಡಿಮಿಡಿಗೊಂಡರು. "ಅಮ್ಮ ಮಲಗಿದ್ದೇ ತಡ, ಅವನು ನನ್ನ ವಿಚಾರಿಸೋದೇ ಬಿಟ್ಟ ನೋಡು. ಬೆನ್ನು ಮುರಿದು ಹೋಗ್ತಿದೆ, ಒಂದು ಮಾತಿಲ್ಲ." ಮೇಲೆ ಮೈದುನನೂ ಅದೇ ರಾಗ ಎಳೆಯುತ್ತಿದ್ದನಂತೆ. ನನಗೂ ಒಳಗೊಳಗೇ ಚುಚ್ಚಿತ್ತು: ಎರಡು ವಾರದಿಂದ ಒಂದು ಬಟ್ಟಲೂ ಕೆಳಗಿಳಿದಿರಲಿಲ್ಲ.

ಒಂದು ಸಂಜೆ ಅಣ್ಣತಮ್ಮಂದಿರಿಬ್ಬರೂ ಮಂಚದ ಆಚೆಬದಿ ಈಚೆಬದಿ ಸಿಕ್ಕಿಹಾಕಿಕೊಂಡರು. ನೋಡಲು ಗೋಡೆಯೂ ದೂರ, ಕೀ ಗೊಂಚಲು ಜೇಬಿನಲ್ಲಿ. ನನ್ನ ಗಂಡ ಹನ್ನೊಂದು ವರ್ಷದ ಮೌನ ಮುರಿದರು.

"ಇಷ್ಟು ವರ್ಷ ಬೆನ್ನುನೋವು ಹೇಗಿದೆ ಅಂತ ದಿನಾ ಕೇಳಿ ಕಳಿಸ್ತಿದ್ದೆ. ಈಗ ಏನಾಯ್ತು ನಿನಗೆ?"

ಮೈದುನ ಕಣ್ಣು ಕಣ್ಣು ಬಿಟ್ಟ. "ಯಾವ ಬೆನ್ನುನೋವು? ನಿನಗೆ ಬೆನ್ನುನೋವು ಇರೋದೇ ನನಗೆ ಗೊತ್ತಿಲ್ಲ. ನೀನಲ್ವಾ, ನನ್ನ ಅಂಗಡಿ ವ್ಯಾಪಾರ ಹೇಗಿದೆ ಅಂತ ವಿಚಾರಿಸ್ತಿದ್ದವನು?"

"ನಾನ್ಯಾಕೆ ವಿಚಾರಿಸಲಿ?"

"ನಿನ್ನ ಸ್ನೇಹಿತರಿಗೆಲ್ಲ ನನ್ನ ಅಂಗಡೀಗೇ ಹೋಗಿ ಅಂತ ಹೇಳ್ತಿದ್ದೆಯಂತೆ?"

"ನನ್ನ ಸ್ವಂತ ಕನ್ನಡಕವನ್ನೇ ಊರಾಚೆಯ ಅಂಗಡೀಲಿ ಮಾಡಿಸಿದ್ದೀನಿ ಕಣೋ."

ಓರಗಿತ್ತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಅಕ್ಕಾ, ನೀವು ಕಳಿಸ್ತಿದ್ದ ಬಟ್ಟಲು…" ಎಂದು ಶುರುಮಾಡಿದಳು. "ನಾನೇನೂ ಕಳಿಸಿಲ್ಲಮ್ಮ. ನೀನು?" ಎಂದೆ. ಅವಳೂ ಇಲ್ಲವೆಂದು ತಲೆಯಾಡಿಸಿದಳು. ಮೆಟ್ಟಿಲು ತಿರುಗುವಲ್ಲಿ ಸ್ಟೂಲಿನ ಮೇಲೆ ಕೂತು ಅತ್ತೆ ಸುಧಾರಿಸಿಕೊಳ್ಳುತ್ತಿರಲಿಲ್ಲ, ಮುಂದಿನ ಮಾತನ್ನು ಹೊಸೆಯುತ್ತಿದ್ದರು ಎಂದು ಆಗ ಹೊಳೆಯಿತು. ಹನ್ನೊಂದು ವರ್ಷ ಎರಡು ಅಡುಗೆಮನೆಗಳಿಂದ ಕದ್ದು ಎರಡಕ್ಕೂ ದಾನ ಮಾಡಿದ ಪುಣ್ಯಾತಗಿತ್ತಿ ನಮ್ಮ ನಡುವೆ ಕಣ್ಣು ಮುಚ್ಚಿ ಮಲಗಿದ್ದರು. ಆ ಕಣ್ಣು ಮುಚ್ಚಿದ ರೀತಿ ನಿದ್ದೆಯದಲ್ಲ. ಸಿಕ್ಕಿಬಿದ್ದ ಮಕ್ಕಳು ಹಾಗೆ ಮಲಗುತ್ತಾರೆ.

ಮುಂದಿನದು ನಾಚಿಕೆಗೇಡು. ಅಪ್ಪಟ ಸುಳ್ಳಿಗೆ ಇಷ್ಟು ವರ್ಷ ಕರಗಿದೆವಲ್ಲ ಎಂಬ ಸಿಟ್ಟಿಗೆ ಇಬ್ಬರೂ ವಾರ್ಡೆಲ್ಲ ಕೇಳುವಂತೆ ಕೂಗಾಡಿದರು. ನರ್ಸ್ ಬಂದು, "ರೋಗಿಗಳಿಗೆ ತೊಂದರೆ ಆಗುತ್ತೆ, ಇಬ್ಬರೂ ಹೊರಗೆ ನಡೀರಿ" ಎಂದಳು. ಮೈದುನ ದಡದಡ ಮೆಟ್ಟಿಲಿಳಿದು ಹೋದ.

ನಾಲ್ಕು ದಿನಕ್ಕೆ ಅತ್ತೆಗೆ ಅರ್ಧಂಬರ್ಧ ನಾಲಿಗೆ ಹೊರಳಿತು. ನನ್ನ ಗಂಡ ಪಕ್ಕದಲ್ಲಿ ಕೂತು ನೀರು ಕುಡಿಸುತ್ತಿದ್ದರು. ಅತ್ತೆ ಎಡಗೈಯಿಂದ ಅವರ ಅಂಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದು ಅಕ್ಷರವನ್ನೂ ಭಾರವಾದ ಕಟ್ಟು ಎತ್ತುವಂತೆ ಎತ್ತಿ ಹೇಳಿದರು.

"ಚಿಕ್ಕೋನು… ನಿನ್ನೆ… ಅತ್ತ."

"ಅತ್ತನಾ? ಯಾಕೆ?"

"ನಿನ್ನ… ಬೆನ್ನಿಗೆ."

ಹಿಂದಿನ ದಿನ ಬೆಳಗಿನಿಂದ ಸಂಜೆವರೆಗೆ ಮಂಚದ ಪಕ್ಕ ಇದ್ದವಳು ನಾನು. ಮೈದುನ ಬಂದಿರಲೇ ಇಲ್ಲ. ಅದು ನನ್ನ ಗಂಡನಿಗೂ ಗೊತ್ತು. ನಾಲ್ಕು ದಿನದ ಹಿಂದೆ ಇಡೀ ವ್ಯವಹಾರ ಬಯಲಾಗಿದೆ. ಆದರೂ ಆ ಮಹಾನುಭಾವರು ಲೋಟ ಕೆಳಗಿಟ್ಟು, ಕಿಟಕಿ ಕಡೆ ತಿರುಗಿ ಹೇಳಿದರು, "ಅಳೋದೆಲ್ಲ ಬೇಡ ಅಂತ ಹೇಳು ಅವನಿಗೆ. ಈಗ ಪರವಾಗಿಲ್ಲ." ಇಂಥವರ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೀನಲ್ಲ ಎನಿಸಿತು. ಕಣ್ಣಲ್ಲಿ ನೀರೂ ಬಂತು, ಸುಳ್ಳು ಹೇಳುವುದಿಲ್ಲ.

ಆ ವಾರದ ಕೊನೆಗೆ ಅತ್ತೆ ಹೋದರು.

ಮುಂದಿನ ವಾರ ಪೂರ್ತಿ ಮನೆಯ ಹಜಾರದಲ್ಲಿ ಕುರ್ಚಿ ಸಾಲದಷ್ಟು ಜನ. ಪರಿಚಯವೇ ಇಲ್ಲದ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡು, "ನನ್ನ ಮಗಳ ಆಪರೇಷನ್ ದಿನ ನೀವು ಊಟ ಬಿಟ್ಟು ಕೂತಿದ್ರಂತೆ, ಅಮ್ಮ ಹೇಳಿದ್ರು" ಎಂದಳು. ಆ ದಿನ ಯಾವುದೋ ನನಗೆ ತಿಳಿಯದು, ಆದರೆ ಊಟ ಬಿಟ್ಟವಳಂತೂ ನಾನಲ್ಲ. ಮಾವನ ಕೈಹಿಡಿದು ಒಬ್ಬ ಕಾಂಪೌಂಡರ್ ಹೇಳಿದ, "ಅಮ್ಮನ ಕೈಲಿ ಹೇಳಿ ಕಳಿಸ್ತಿದ್ರಲ್ಲ, ನಿಮ್ಮಷ್ಟು ಚೆನ್ನಾಗಿ ಸಮಾಧಾನ ಹೇಳೋರು ಇಲ್ಲ ಸಾರ್." ಮಾವ ಜೀವಮಾನದಲ್ಲಿ ಯಾರಿಗಾದರೂ ಹೇಳಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಯಿರಿ ಎಂದು ಹೇಳಿರಬೇಕು. ನಾವೆಲ್ಲ ತಲೆ ತಗ್ಗಿಸಿ, ಮಾಡದ ಉಪಕಾರಗಳಿಗೆ ಕೃತಜ್ಞತೆ ಸ್ವೀಕರಿಸುತ್ತಾ ಕೂತೆವು. ಬಂದವರು ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಹೊಗಳಿದರು.

ಅತ್ತೆಯ ಕೆಲಸವನ್ನು ಮುಂದುವರಿಸಲು ಮೊದಲು ನಾನು ನೋಡಿದೆ. ಮೇಲೆ ಹೋಗಿ ಓರಗಿತ್ತಿಗೆ, "ನಿಮ್ಮ ಭಾವ ನಿನ್ನ ಕೈರುಚಿ ಹೊಗಳ್ತಿದ್ರು" ಎಂದೆ. ಅವಳು, "ಅತ್ತೆ ಆಗಿದ್ರೆ ಯಾವ ದಿನ, ಯಾವ ಪದಾರ್ಥ ಅಂತಾನೂ ಹೇಳ್ತಿದ್ರು ಅಕ್ಕಾ" ಎಂದಳು. ಇಬ್ಬರೂ ನಕ್ಕೆವು. ಅಲ್ಲಿಗೆ ನನ್ನ ಪ್ರಯತ್ನ ಮುಗಿಯಿತು.

ಆಮೇಲೆ ಯಾರೂ ಕೇಳದೆ ಮಾವನೇ ಆ ಹೊಣೆ ಹೊತ್ತರು. ಅವರಲ್ಲಿದ್ದ ದೋಷ ಒಂದೇ: ಕೇಳಿದ್ದನ್ನು ಕೇಳಿದ ಹಾಗೇ ಮುಟ್ಟಿಸುವರು. ಮೊದಲ ದಿನವೇ ಮೇಲೆ ಹೋಗಿ, "ನೀನು ಮುಠ್ಠಾಳ ಅಂತ ನಿಮ್ಮಣ್ಣ ಹೇಳಿದ" ಎಂದು ಹೇಳಿ, ಉತ್ತರಕ್ಕೆ ಕಾದು, ಅದನ್ನೂ ಒಂದಕ್ಷರ ಬಿಡದೆ ಕೆಳಗೆ ತಂದರು. ಎಂಟು ದಿನದಲ್ಲಿ ಅಣ್ಣತಮ್ಮಂದಿರಿಗೆ ಸಾಕುಸಾಕಾಯಿತು. ಅಪ್ಪನ ಕೈಲಿ ಹೇಳಿಸುವುದಕ್ಕಿಂತ ನೇರವಾಗಿ ಬೈದುಕೊಳ್ಳುವುದೇ ವಾಸಿ ಎಂದು ಇಬ್ಬರೂ ಬೇರೆ ಬೇರೆಯಾಗಿ ತೀರ್ಮಾನಿಸಿದರು. ಈಗ ದಿನಾ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಜೋರು ಗಲಾಟೆ. ಬೈಗುಳ ಮುಗಿದ ಮೇಲೆ ಒಂದೊಂದು ದಿನ ಇಬ್ಬರೂ ಒಟ್ಟಿಗೇ ಕಾಫಿ ಕುಡಿಯುತ್ತಾರೆ. ಬೀದಿಯಲ್ಲಿ ನಮ್ಮ ಮನೆಯ ಹೆಸರು ಕೊಂಚ ಕೆಟ್ಟಿದೆ.

ನನಗೆ ಉಳಿದದ್ದು ಬೇರೆ ಯೋಚನೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ನನ್ನೆದುರು ಒಂದು ಒಳ್ಳೆಯ ಮಾತೂ ಆಡಿದವರಲ್ಲ. ಆಗ ಅತ್ತೆ ಒಂದು ಸಲ ಬಟ್ಟೆ ಮಡಚುತ್ತಾ ಹೇಳಿದ್ದರು, "ನಿನ್ನ ಗಂಡ ಏನಂದ ಗೊತ್ತಾ? ಇವಳು ನಗೋದು ಕೇಳಿದ್ರೆ ಆಫೀಸಿಂದ ಬೇಗ ಬರೋಣ ಅನ್ಸುತ್ತೆ ಅಂದ." ಆ ಒಂದು ಮಾತನ್ನು ನಂಬಿಕೊಂಡು ನಾನು ಎಷ್ಟೋ ವರ್ಷ ತಳ್ಳಿದ್ದೇನೆ.

ಮೊನ್ನೆ ಭಾನುವಾರ ಅವರು ಶೇವ್ ಮಾಡಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ. "ನಾನು ನಗೋದರ ಬಗ್ಗೆ ಅತ್ತೆ ಹತ್ರ ನೀವು ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ?"

ಕನ್ನಡಿಯಲ್ಲೇ ನನ್ನನ್ನು ನೋಡಿದರು. ಗಲ್ಲದ ಮೇಲೆ ರೇಜರ್ ನಿಂತಿತು.

"ಏನಂತ ಹೇಳಿದ್ದೆನಂತೆ?"

ಹೇಳಿದೆ.

"ಹೇಳಿರಬಹುದು," ಎಂದರು. ಮತ್ತೆ ರೇಜರ್ ಎಳೆದರು. ಮುಖ ತೊಳೆದು ಟವೆಲಿಗೆ ಕೈಚಾಚುವಾಗ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹೇಳಿದ್ದೆ ಅನ್ಸುತ್ತೆ" ಎಂದರು.

ನಾನು ಟವೆಲ್ ಕೊಟ್ಟೆ.